ಠಾಣೆಯ ಕ್ಯಾಮೆರಾ ಬಗ್ಗೆ ಕೇಳೋಣ: ನಮ್ಮ ಬಡಾವಣೆ ಗುಂಪಿನ ಚರ್ಚೆ

ಮನೆ ನಂ. 118, 3ನೇ ಕ್ರಾಸ್ (ಸೋಮವಾರ, ಬೆಳಿಗ್ಗೆ 7.10)

ಎಲ್ಲರಿಗೂ ನಮಸ್ಕಾರ. ಮೆಸೇಜ್ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ಹೋದ ಮಂಗಳವಾರ ನನ್ನ ಚಿನ್ನದ ಬಳೆ ಕಾಣುತ್ತಿಲ್ಲ ಅಂತ ಇದೇ ಗುಂಪಿನಲ್ಲಿ ಹಾಕಿದ್ದೆ. ಅದು ಶನಿವಾರ ರಾತ್ರಿ ಸಿಕ್ಕಿತು. ಮದುವೆ ಮನೆಯಿಂದ ಬಂದು ಮಡಚಿಟ್ಟಿದ್ದ ರೇಷ್ಮೆ ಸೀರೆಯ ಒಳಗೇ ಇತ್ತು. ಯಾರೂ ಕದ್ದಿರಲಿಲ್ಲ.

ನಾನು ಮೆಸೇಜ್ ಹಾಕಿದ ಹತ್ತು ನಿಮಿಷದೊಳಗೆ ಐದಾರು ಜನ "ಕೆಲಸದವರನ್ನು ವಿಚಾರಿಸಿ" ಅಂತ ಬರೆದರು. ಯಾರೋ ಠಾಣೆಗೆ ಫೋನ್ ಮಾಡಿದರು. ನಾನು ಬೇಡ ಅನ್ನಲಿಲ್ಲ. ಸಂಜೆ ಆರೂವರೆಗೆ, ಒಂಬತ್ತು ವರ್ಷದಿಂದ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿರುವ ಅಕ್ಕನನ್ನು ಅವರ ಮನೆ ಬಾಗಿಲಿನಿಂದ ಜೀಪಿನಲ್ಲಿ ಕರೆದುಕೊಂಡು ಹೋದರು. ಇಡೀ ಬೀದಿ ನೋಡುತ್ತಿತ್ತು. ಬಿಟ್ಟಿದ್ದು ರಾತ್ರಿ ಹನ್ನೊಂದೂವರೆಗೆ.

ನಿನ್ನೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಠಾಣೆಯಲ್ಲಿ ಫೋನ್ ಕಿತ್ತಿಟ್ಟುಕೊಂಡರಂತೆ. ಐದು ಗಂಟೆ ನೆಲದ ಮೇಲೆ ಕೂರಿಸಿದರಂತೆ. ಹೊಡೆಯಲಿಲ್ಲ. ಆದರೆ ಒಪ್ಪಿಕೊಳ್ಳದಿದ್ದರೆ ಮಗನನ್ನೂ ಎತ್ತಿಕೊಂಡು ಬರುತ್ತೇವೆ ಅಂದರಂತೆ. ಆಗಿನಿಂದ ಅವರಿಗೆ ನಿದ್ದೆ ಇಲ್ಲ. ನಮ್ಮದೇ ಬಡಾವಣೆಯ ಎರಡು ಮನೆಯವರು ನಾಳೆಯಿಂದ ಬರಬೇಡ ಅಂದುಬಿಟ್ಟಿದ್ದಾರೆ.

ಬಳೆ ಸಿಕ್ಕಿತು ಅಂತ ಹೇಳಿ ನಾನು ಸುಮ್ಮನಾಗಿಬಿಡಬಹುದಿತ್ತು. ಆಗಲಿಲ್ಲ. ಇಂಥದ್ದು ಇನ್ನೊಬ್ಬರಿಗೆ ಆಗಬಾರದು. ನಾವು ಏನು ಮಾಡಬಹುದು, ಹೇಳಿ.

ಮನೆ ನಂ. 31, 1ನೇ ಕ್ರಾಸ್ (7.42)

ಫೋನ್ ಮಾಡಿದ್ದು ನಾನು. ಒಳ್ಳೆಯದಾಗಲಿ ಅಂತಲೇ ಮಾಡಿದ್ದೆ. ಬಂದು ನೋಡಿ ಹೋಗುತ್ತಾರೆ ಅಂದುಕೊಂಡಿದ್ದೆ. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ. ತುಂಬಾ ಬೇಜಾರಾಗಿದೆ. ಏನೇ ಓಡಾಟ ಇದ್ದರೂ ನಾನು ಬರುತ್ತೇನೆ.

ಸಂಘದ ಕಾರ್ಯದರ್ಶಿ (8.05)

118ರ ಅಕ್ಕ, ಬಳೆ ಸಿಕ್ಕಿತು ಅಂತ ಠಾಣೆಗೆ ಬರೆದುಕೊಟ್ಟಿದ್ದೀರಾ? ನಿಮ್ಮ ದೂರಿನ ಹಿಂಬರಹ ಅಥವಾ ಎಫ್‌ಐಆರ್ ಪ್ರತಿ ಇದ್ದರೆ ಹಾಕಿ.

ಮನೆ ನಂ. 118 (8.11)

ಏನೂ ಇಲ್ಲ. ನಾನು ಏನನ್ನೂ ಬರೆದುಕೊಟ್ಟೇ ಇರಲಿಲ್ಲ. ಅವರೂ ಕೇಳಲಿಲ್ಲ.

ಮನೆ ನಂ. 64, ವಕೀಲರು (8.50)

ಇಡೀ ವಿಷಯದ ಬುಡ ಇದೇ. ದೂರು ಇಲ್ಲ, ಎಫ್‌ಐಆರ್ ಇಲ್ಲ, ನೋಟಿಸ್ ಇಲ್ಲ. ಅಂದರೆ ಕಾಗದದ ಮೇಲೆ ಆ ಹೆಂಗಸು ಮಂಗಳವಾರ ಸಂಜೆ ಠಾಣೆಗೆ ಹೋಗಿಯೇ ಇಲ್ಲ.

ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ಹೇಳುತ್ತೇನೆ. 2024ರ ಜುಲೈ 1ರಿಂದ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 179ನೇ ಕಲಂ ಪ್ರಕಾರ, ಹೆಂಗಸರನ್ನು ಸಾಕ್ಷಿಯಾಗಿ ವಿಚಾರಿಸಬೇಕಿದ್ದರೆ ಅವರು ವಾಸ ಇರುವ ಜಾಗಕ್ಕೇ ಪೊಲೀಸರು ಹೋಗಬೇಕು. 15 ವರ್ಷದೊಳಗಿನವರಿಗೂ 60 ದಾಟಿದವರಿಗೂ ಇದೇ ನಿಯಮ. ಇದು ಹೊಸದೇನಲ್ಲ. 1978ರಲ್ಲಿ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹೇಳಿತ್ತು. ಮುಖ್ಯಮಂತ್ರಿ ಆಗಿದ್ದವರಿಗೆ ಅನ್ವಯಿಸುವ ನಿಯಮ ಮನೆಕೆಲಸದವರಿಗೂ ಅನ್ವಯಿಸುತ್ತೆ.

ಆರೋಪಿ ಅಂತಲೇ ಅಂದುಕೊಳ್ಳೋಣ. ಮನೆಗೆಲಸದವರು ಮಾಡಿದ ಕಳ್ಳತನಕ್ಕೆ ಹೆಚ್ಚೆಂದರೆ 7 ವರ್ಷ ಶಿಕ್ಷೆ. ಅಂಥ ಪ್ರಕರಣದಲ್ಲಿ ಬಂಧನ ಬೇಕೇ ಬೇಕು ಅಂತ ಕಾರಣ ಇಲ್ಲದಿದ್ದರೆ ಮೊದಲು ನೋಟಿಸ್ ಕೊಡಬೇಕು. ಬಂಧಿಸಿದರೆ ಬಂಧನದ ಮೆಮೊ ಬರೆಯಬೇಕು, ಸಾಕ್ಷಿ ಸಹಿ ಹಾಕಬೇಕು, ಮನೆಯವರಿಗೆ ತಿಳಿಸಬೇಕು. ಇದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವುದಕ್ಕೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು, ಅದೂ ವಿಶೇಷ ಸಂದರ್ಭದಲ್ಲಿ ಮಾತ್ರ.

ಮನೆ ನಂ. 9, ನಿವೃತ್ತ ಹೆಡ್ ಕಾನ್‌ಸ್ಟೇಬಲ್ (9.30)

ವಕೀಲ ಮೇಡಂ ಹೇಳಿದ್ದೆಲ್ಲಾ ಸರಿ. ಆದರೆ ಅರೆಸ್ಟ್ ಅಂತ ಬರೆದರೆ ತಾನೇ ಈ ನಿಯಮಗಳು ಬರುವುದು? ಸುಮ್ನೆ ವಿಚಾರಣೆಗೆ ಕರೆದುಕೊಂಡು ಬಂದಿದ್ದು ಅಂತ ಬಾಯಿಮಾತಲ್ಲಿ ಹೇಳಿದರೆ ಮೆಮೊ ಇಲ್ಲ, ಸ್ಟೇಷನ್ ಡೈರಿಯಲ್ಲಿ ಎಂಟ್ರಿ ಇಲ್ಲ. ನಾಳೆ ಯಾರಾದರೂ ದೊಡ್ಡ ಅಧಿಕಾರಿ ಬಂದು ಪುಸ್ತಕ ತೆಗೆದರೂ ಏನೂ ಸಿಗಲ್ಲ.

ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಖಾಕಿ ಹಾಕಿದವನು. ಇಂಥದ್ದನ್ನು ಕಣ್ಣಾರೆ ನೋಡಿದ್ದೇನೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದೇನೆ, ಅದರ ಭಾರ ಇನ್ನೂ ಇದೆ. ಕೆಳಗಿನವರ ಕಷ್ಟವೂ ಗೊತ್ತಿರಲಿ. ಊರಿನ ಗಣ್ಯರು ಫೋನ್ ಮಾಡುತ್ತಾರೆ. ಮೇಲಿನವರು "ರಿಕವರಿ ಎಲ್ಲಿ" ಅಂತ ಕೇಳುತ್ತಾರೆ. ಬಂದೋಬಸ್ತ್ ಮುಗಿಸಿ ಬಂದ ಕಾನ್‌ಸ್ಟೇಬಲ್‌ಗೆ ತನಿಖೆ ಮಾಡುವ ಹೊತ್ತೂ ಇಲ್ಲ, ತರಬೇತಿಯೂ ಇಲ್ಲ. ಆಗ ಸಿಗುವ ಸುಲಭದ ದಾರಿ ಒಂದೇ: ಬಡವರನ್ನು ಕರೆದುಕೊಂಡು ಬಂದು ಹೆದರಿಸುವುದು.

ಆದರೆ ಪುಸ್ತಕದಲ್ಲಿ ಇಲ್ಲದ ಆ ಐದು ಗಂಟೆ ಇನ್ನೊಂದು ಕಡೆ ಇರುತ್ತೆ. ಠಾಣೆಯ ಕ್ಯಾಮೆರಾದಲ್ಲಿ. ಅದನ್ನು ಹಿಡಿಯಿರಿ.

ಮನೆ ನಂ. 87, 5ನೇ ಕ್ರಾಸ್ (9.48)

ಎಲ್ಲರ ನೋವು ಅರ್ಥ ಆಗುತ್ತೆ. ಆದರೆ ಒಂದು ಮಾತು. ನಾವು ಊರಾಚೆ ಇದ್ದೇವೆ. ರಾತ್ರಿ ಬೀಟ್ ಬರಲಿ ಅಂತ ಎರಡು ವರ್ಷ ಅಲೆದಿದ್ದೇವೆ. ಹೋದ ವರ್ಷ ನನ್ನ ತಾಯಿಯ ಸರ ಕಿತ್ತುಕೊಂಡು ಹೋದಾಗ ಮೊದಲು ಓಡಿ ಬಂದಿದ್ದು ಇದೇ ಠಾಣೆಯವರು. ಈಗ ಅವರನ್ನೇ ಎದುರು ಹಾಕಿಕೊಂಡರೆ ನಾಳೆ ಕಷ್ಟಕ್ಕೆ ಯಾರು ಬರುತ್ತಾರೆ? ವಯಸ್ಸಾದವರು ಒಬ್ಬರೇ ಇರುವ ಮನೆ ಎಷ್ಟಿವೆ ನೋಡಿ.

ಮನೆ ನಂ. 9 (10.02)

ನಿಮ್ಮ ಭಯ ಸುಳ್ಳಲ್ಲ ಸಾರ್. ಆದರೆ ಕ್ಯಾಮೆರಾ ನೆಟ್ಟಗೆ ಓಡುತ್ತಿದ್ದರೆ ಒಳ್ಳೆಯ ಪೊಲೀಸರಿಗೂ ರಕ್ಷಣೆ. ಯಾರಾದರೂ ಸುಳ್ಳು ಆರೋಪ ಹೊರಿಸಿದರೆ ಅದೇ ಸಾಕ್ಷಿ. ನನ್ನ ಕಾಲದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಮನೆ ನಂ. 64, ವಕೀಲರು (10.40)

ಕ್ಯಾಮೆರಾ ವಿಷಯದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಹಳ ಸ್ಪಷ್ಟ ಇದೆ. 2020ರ ಡಿಸೆಂಬರ್ 2, ಪರಮ್‌ವೀರ್ ಸಿಂಗ್ ಸೈನಿ ಪ್ರಕರಣ. ದೇಶದ ಪ್ರತಿ ಠಾಣೆಯ ಗೇಟು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತು ಎಸ್‌ಐ ಕೋಣೆ, ಹಿಂಭಾಗ, ಶೌಚಾಲಯದ ಹೊರಗೆ, ಎಲ್ಲಾ ಕಡೆ ಕ್ಯಾಮೆರಾ ಇರಬೇಕು. ಕತ್ತಲಲ್ಲೂ ಕಾಣಬೇಕು, ಮಾತೂ ದಾಖಲಾಗಬೇಕು. ರೆಕಾರ್ಡಿಂಗ್ 18 ತಿಂಗಳು ಇಡಬೇಕು. ಅಂಥ ಉಪಕರಣ ಸಿಗದಿದ್ದರೂ 1 ವರ್ಷಕ್ಕೆ ಕಡಿಮೆ ಆಗಬಾರದು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ತಕ್ಷಣ ಜಿಲ್ಲಾ ಸಮಿತಿಗೆ ತಿಳಿಸಬೇಕು.

ಹೌದು, ಇದಕ್ಕೆ ಜಿಲ್ಲಾ ಮೇಲುಸ್ತುವಾರಿ ಸಮಿತಿ ಅಂತಲೇ ಇದೆ. ಜಿಲ್ಲಾಧಿಕಾರಿ, ಎಸ್‌ಪಿ ಅದರಲ್ಲಿ ಇರುತ್ತಾರೆ. ಊರಿನ ಮೇಯರ್, ಹಳ್ಳಿ ಕಡೆಯಾದರೆ ಜಿಲ್ಲಾ ಪಂಚಾಯತಿ ಮುಖ್ಯಸ್ಥರೂ ಇರಬೇಕು. ಕ್ಯಾಮೆರಾ ಓಡುತ್ತಿದೆಯಾ ಅಂತ ನೋಡುವುದಷ್ಟೇ ಅವರ ಕೆಲಸ ಅಲ್ಲ. ಯಾರೂ ದೂರು ಕೊಡದೆ ಮುಚ್ಚಿಹೋದ ಹಕ್ಕಿನ ಉಲ್ಲಂಘನೆ ಏನಾದರೂ ಇದೆಯಾ ಅಂತ ಆ ರೆಕಾರ್ಡಿಂಗ್ ನೋಡಿ ಪತ್ತೆ ಮಾಡಬೇಕು. ನಮ್ಮ ಅಕ್ಕನಂಥವರಿಗಾಗಿಯೇ ಬರೆದ ಹಾಗಿದೆ ಅಲ್ವಾ?

ಕಾಗದದಲ್ಲಿ ಇಷ್ಟೆಲ್ಲಾ ಇದ್ದರೂ ಆಗುತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದಲ್ಲಿ ಪೊಲೀಸ್ ವಶದಲ್ಲಿ ಆದ ಸಾವುಗಳ ಪತ್ರಿಕಾ ವರದಿ ನೋಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಮತ್ತೆ ಈ ವಿಷಯ ಕೈಗೆತ್ತಿಕೊಂಡಿತು. ಆದೇಶ ಬಂದು ಹತ್ತಿರ ಹತ್ತಿರ ಐದು ವರ್ಷ ಆದಮೇಲೂ.

ಇನ್ನೊಂದು. ಠಾಣೆಯ ಬಾಗಿಲಲ್ಲಿ ದೊಡ್ಡ ಫಲಕ ಇರಬೇಕು, ಕನ್ನಡದಲ್ಲೂ ಇರಬೇಕು. ಇಲ್ಲಿ ಕ್ಯಾಮೆರಾ ಇದೆ, ನಿಮ್ಮ ಹಕ್ಕಿಗೆ ಧಕ್ಕೆ ಆದರೆ ಮಾನವ ಹಕ್ಕುಗಳ ಆಯೋಗಕ್ಕೋ ಎಸ್‌ಪಿಗೋ ದೂರು ಕೊಡಬಹುದು, ರೆಕಾರ್ಡಿಂಗ್ ಉಳಿಸಿಡಿ ಅಂತ ಕೇಳುವ ಹಕ್ಕು ನಿಮಗಿದೆ ಅಂತ. ಯಾರಾದರೂ ನೋಡಿದ್ದೀರಾ?

ಮನೆ ನಂ. 31 (11.25)

ಈಗಷ್ಟೇ ಠಾಣೆ ಮುಂದೆ ಹೋಗಿ ಬಂದೆ. ಬಾಗಿಲ ಹತ್ತಿರ ಸಹಾಯವಾಣಿ ನಂಬರ್‌ಗಳ ಬೋರ್ಡ್ ಇದೆ. ಸೈಬರ್ ವಂಚನೆ ಬಗ್ಗೆ ಇದೆ. ಮೇಡಂ ಹೇಳಿದ ಫಲಕ ಹೊರಗಿನಿಂದ ಎಲ್ಲೂ ಕಾಣಲಿಲ್ಲ.

ಮನೆ ನಂ. 118 (11.31)

ನಮ್ಮ ಬಡಾವಣೆ ಗೇಟಿಗೆ ಕ್ಯಾಮೆರಾ ಹಾಕಿಸಲು ಮನೆಮನೆಯಿಂದ ದುಡ್ಡು ಎತ್ತಿದೆವು. ಕೆಲಸದವರು ಎಷ್ಟು ಹೊತ್ತಿಗೆ ಬಂದರು, ಚೀಲದಲ್ಲಿ ಏನಿತ್ತು ಅಂತ ಅದರಲ್ಲಿ ನೋಡುತ್ತೇವೆ. ಆ ಅಕ್ಕನಿಗೆ ಬೇಕಾಗಿದ್ದ ಕ್ಯಾಮೆರಾ ಬಗ್ಗೆ ನಾವು ಒಂದು ದಿನವೂ ಕೇಳಲಿಲ್ಲ. ಮೇಡಂ, ಇವತ್ತೇ ದೂರು ಬರೆದುಕೊಡೋಣ. ನಾನು ಸಹಿ ಹಾಕುತ್ತೇನೆ.

ಮನೆ ನಂ. 64, ವಕೀಲರು (11.50)

ನಿಲ್ಲಿ ಅಕ್ಕ. ಮೊದಲು ಅವರನ್ನು ಕೇಳಿ. ದೂರು ಅವರದ್ದು. ನಮ್ಮ ಮನಸ್ಸಿನ ಸಮಾಧಾನಕ್ಕೆ ಅವರನ್ನು ಇನ್ನೊಮ್ಮೆ ಠಾಣೆ ಮೆಟ್ಟಿಲು ಹತ್ತಿಸಬಾರದು. ಗುಂಪಿನಲ್ಲಿ ಅವರ ಹೆಸರು, ಫೋಟೊ ಇರುವ ಹಳೆಯ ಮೆಸೇಜ್‌ಗಳನ್ನೆಲ್ಲಾ ಅಡ್ಮಿನ್ ಈಗಲೇ ಅಳಿಸಲಿ.

ಅವರು ಒಪ್ಪಿದರೆ ದಾರಿ ಇದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ಬರೆಯಬೇಕು. ಕನ್ನಡದಲ್ಲಿ ಬರೆದರೆ ಸಾಕು, ಶುಲ್ಕ ಇಲ್ಲ. ಪೊಲೀಸ್ ದೂರು ಪ್ರಾಧಿಕಾರವೂ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಪ್ರತಿ ರಾಜ್ಯ, ಪ್ರತಿ ಜಿಲ್ಲೆಯಲ್ಲಿ ಇದು ಇರಬೇಕು ಅಂತ ಕೋರ್ಟ್ ಹೇಳಿತು. ಆ ಕೇಸು ಹಾಕಿದವರೇ ನಿವೃತ್ತ ಪೊಲೀಸ್ ಮುಖ್ಯಸ್ಥರು. ನಮ್ಮಲ್ಲಿ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಸೇರಿಸಿದರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಮನೆ ನಂ. 118 (ಸಂಜೆ 6.20)

ಅವರ ಮನೆಯಲ್ಲಿ ಎರಡು ಗಂಟೆ ಕೂತು ಬಂದೆ. ದೂರು ಬೇಡ ಅಂದರು. ಮಗನ ಓದು ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳುವುದು ಬೇಡ ಅಂದರು. ನಾನು ಒತ್ತಾಯ ಮಾಡಲಿಲ್ಲ.

ಅವರು ಕೇಳಿದ್ದು ಒಂದೇ. "ನಾನು ಕದ್ದಿಲ್ಲ ಅಂತ ಎಲ್ಲಾ ಮನೆಗೂ ಹೇಳಿ ಅಮ್ಮ."

ಹೇಳುತ್ತಿದ್ದೇನೆ. ಅವರು ಕದ್ದಿಲ್ಲ. ನಾಳೆಯಿಂದ ನಾನೇ ಮನೆಮನೆಗೂ ಬಂದು ಹೇಳುತ್ತೇನೆ.

ಮನೆ ನಂ. 64, ವಕೀಲರು (6.45)

ಹಾಗಾದರೆ ಅವರ ವಿಷಯ ಎತ್ತದೆ ನಾವು ಮಾಡಬಹುದಾದ್ದು ಮಾಡೋಣ. ನಮ್ಮ ಠಾಣೆಯ ಕ್ಯಾಮೆರಾ ಬಗ್ಗೆ ಕೇಳಲು ಯಾರ ದೂರೂ ಬೇಕಿಲ್ಲ. ನಾವು ಈ ಊರಿನವರು, ಅಷ್ಟು ಸಾಕು. ಜಿಲ್ಲಾಧಿಕಾರಿಗಳಿಗೆ ಕೊಡುವ ಪತ್ರದ ಕರಡು:

"ಮಾನ್ಯರೇ, ನಾವು ಈ ಬಡಾವಣೆಯ ನಿವಾಸಿಗಳು. 2.12.2020ರ ಸುಪ್ರೀಂ ಕೋರ್ಟ್ ಆದೇಶದಂತೆ ನಮ್ಮ ವ್ಯಾಪ್ತಿಯ ಠಾಣೆಯಲ್ಲಿ ಎಷ್ಟು ಕ್ಯಾಮೆರಾಗಳಿವೆ, ಅವು ಕೆಲಸ ಮಾಡುತ್ತಿವೆಯೇ, ಮಾತು ದಾಖಲಾಗುತ್ತಿದೆಯೇ, ಎಷ್ಟು ತಿಂಗಳ ರೆಕಾರ್ಡಿಂಗ್ ಇದೆ ಎಂದು ಪರಿಶೀಲಿಸಬೇಕು. ಆದೇಶದಲ್ಲಿ ಹೇಳಿರುವ ಕನ್ನಡ ಫಲಕವನ್ನು ಹಾಕಿಸಬೇಕು. ಈ ತಿಂಗಳ ರೆಕಾರ್ಡಿಂಗ್ ಅಳಿಸದಂತೆ ನೋಡಿಕೊಳ್ಳಬೇಕು. ಜಿಲ್ಲಾ ಮೇಲುಸ್ತುವಾರಿ ಸಮಿತಿ ಕೊನೆಯ ಸಲ ಯಾವಾಗ ಸೇರಿತು ಎಂದು ತಿಳಿಸಬೇಕೆಂದು ಕೋರುತ್ತೇವೆ."

ಕೊನೆಯ ಹಿಂದಿನ ಸಾಲು ಮುಖ್ಯ. ಅಕ್ಕನಿಗೆ ಮುಂದೆ ಧೈರ್ಯ ಬಂದರೆ ಆ ಸಂಜೆಯ ರೆಕಾರ್ಡಿಂಗ್ ಉಳಿದಿರಬೇಕು. ಇದರ ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯನ್ನೂ ಹಾಕೋಣ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 10 ರೂಪಾಯಿ ಶುಲ್ಕ. 30 ದಿನದಲ್ಲಿ ಉತ್ತರ ಬರಬೇಕು.

ಮನೆ ನಂ. 87 (7.15)

ಪತ್ರ ಓದಿದೆ. ಯಾರನ್ನೂ ಬೈದಿಲ್ಲ, ಕೇಳಬೇಕಾದ್ದು ಕೇಳಿದೆ. ನಾನೂ ಸಹಿ ಹಾಕುತ್ತೇನೆ. ನನ್ನ ತಾಯಿಯೂ ಹಾಕುತ್ತಾರಂತೆ.

ಸಂಘದ ಕಾರ್ಯದರ್ಶಿ (7.40)

ಒಳ್ಳೆಯದು. ಇವತ್ತಿನಿಂದ ಸಂಘದಲ್ಲಿ ಇನ್ನೊಂದು ನಿಯಮ ಇರಲಿ. ಏನಾದರೂ ಕಳೆದುಹೋದರೆ ಕಳೆದುಕೊಂಡವರೇ ಠಾಣೆಗೆ ಹೋಗಿ ಬರೆದುಕೊಡಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೇಳಿ ಪಡೆಯಬೇಕು. ಇವರ ಮೇಲೆ ಅನುಮಾನ ಅಂತ ಗುಂಪಿನಲ್ಲಿ ಯಾರ ಹೆಸರನ್ನೂ ಬರೆಯಬಾರದು. ಸಂಘದ ಹೆಸರು ಹೇಳಿ ಠಾಣೆಗೆ ಫೋನ್ ಮಾಡಬಾರದು. ಬುಧವಾರ ಸಂಜೆ 6ಕ್ಕೆ ಪಾರ್ಕಿನ ಹತ್ತಿರ ಸಹಿ ಹಾಕೋಣ. 9ರ ಯಜಮಾನರು ಪತ್ರದ ಮೂರು ಪ್ರತಿ ತರುತ್ತಾರೆ.

ಮನೆ ನಂ. 31 (ಗುರುವಾರ, ಮಧ್ಯಾಹ್ನ 12.50)

ಜಿಲ್ಲಾಧಿಕಾರಿ ಕಚೇರಿಯಲ್ಲೂ ಎಸ್‌ಪಿ ಕಚೇರಿಯಲ್ಲೂ ಪತ್ರ ಕೊಟ್ಟಿದ್ದೇವೆ. ಒಟ್ಟು 71 ಸಹಿ. ಎರಡಕ್ಕೂ ಸೀಲು ಹಾಕಿದ ಸ್ವೀಕೃತಿ ಇದೆ. ಮೂರನೇ ಪ್ರತಿಯನ್ನು ಠಾಣೆಗೆ ಕೊಡಲು 9ರ ಯಜಮಾನರು ಜೊತೆಗೆ ಬಂದರು. ಇನ್‌ಸ್ಪೆಕ್ಟರ್ ಓದಿ, ಫಲಕದ ವಿಷಯ ನೋಡುತ್ತೇನೆ ಅಂದರು. ಮಾಹಿತಿ ಹಕ್ಕಿನ ಅರ್ಜಿ ನನ್ನ ಹೆಸರಿನಲ್ಲಿ ಹೋಗಿದೆ. ಮೂವತ್ತನೇ ದಿನ ನಾನೇ ಹೋಗಿ ಕೇಳುತ್ತೇನೆ.

ಮನೆ ನಂ. 118 (1.15)

ಬೇಡ ಅಂದಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಇವತ್ತು ಅಕ್ಕನಿಗೆ ಫೋನ್ ಮಾಡಿ ಸೋಮವಾರದಿಂದ ಬರಲು ಹೇಳಿದ್ದಾರೆ. ಇನ್ನೊಂದು ಮನೆಯವರು ಬಾಗಿಲಲ್ಲೇ ನಿಂತು ಯೋಚನೆ ಮಾಡುತ್ತೇವೆ ಅಂದರು. ಭಾನುವಾರ ಅವರ ಮನೆಗೆ ಮತ್ತೆ ಹೋಗುತ್ತೇನೆ. ಜೊತೆಗೆ ಬರುವವರು ಇದ್ದರೆ ಹೇಳಿ.