ಶೀಟ್ ಫಿಲ್ಮ್ ಬದಲಿಸಲು ಎಂಥ ಚೇಂಜಿಂಗ್ ಟೆಂಟ್ ಕೊಳ್ಳಬೇಕು?

ಪ್ರಶ್ನೆ (ಡೊಂಬಿವಲಿ):

ನಾನು 4×5 ಇಂಚಿನ ಶೀಟ್ ಫಿಲ್ಮ್ (ರೋಲಿನ ಬದಲು ಬಿಡಿ ಹಾಳೆಗಳಾಗಿ ಬರುವ ಫಿಲ್ಮ್) ಬಳಸುವ ಫೀಲ್ಡ್ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆಯುತ್ತೇನೆ. ಮನೆಯಲ್ಲಿ ರಾತ್ರಿಯ ಹೊತ್ತು ಬಚ್ಚಲುಮನೆಯ ಗವಾಕ್ಷಿಗೆ ಕಪ್ಪು ರಟ್ಟು ಹಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಹೋಲ್ಡರ್‌ಗಳಿಗೆ (ಶೀಟನ್ನು ಬೆಳಕಿನಿಂದ ಕಾಯ್ದು ಕ್ಯಾಮೆರಾಗೆ ಸೇರಿಸುವ ಚಪ್ಪಟೆ ಚೌಕಟ್ಟುಗಳಿಗೆ) ಕತ್ತಲಲ್ಲಿ ಶೀಟ್ ತುಂಬಿಕೊಳ್ಳುತ್ತೇನೆ. ಅದರಲ್ಲಿ ತೊಂದರೆಯೇನೂ ಇಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಹರಿಶ್ಚಂದ್ರಗಡ ಬೆಟ್ಟದ ಕೋಟೆಗೆ ಹೋಗಿ, ಅಲ್ಲಿನ ಕೊಂಕಣಕಡಾ ಎಂಬ ಕಡಿದಾದ ಬಂಡೆಯನ್ನು ಬೆಳಗಿನ ಹಾಗೂ ಸಂಜೆಯ ಬೆಳಕಿನಲ್ಲಿ ತೆಗೆಯಬೇಕೆಂದಿದ್ದೇನೆ. ನನ್ನ ಬಳಿ ಇರುವ 5 ಹೋಲ್ಡರ್‌ಗಳಲ್ಲಿ 10 ಶೀಟ್ ಮಾತ್ರ ಹಿಡಿಯುವುದರಿಂದ, ಗಡದ ಬುಡದ ಹಳ್ಳಿ ಖಿರೇಶ್ವರದಲ್ಲಿ ಇಳಿದುಕೊಳ್ಳುವ ಮನೆಯಲ್ಲೋ ಗಡದ ಮೇಲಿನ ಡೇರೆಯಲ್ಲೋ ಫಿಲ್ಮ್ ಬದಲಿಸದೆ ಗತ್ಯಂತರವಿಲ್ಲ. 35 ಮಿ.ಮೀ. ರೋಲಿಗೆಂದು ಕೊಂಡಿದ್ದ ಚೇಂಜಿಂಗ್ ಬ್ಯಾಗ್ (ತೋಳುಗಳಲ್ಲಿ ಕೈ ತೂರಿಸಿ ಒಳಗಿನ ಕತ್ತಲಲ್ಲಿ ಫಿಲ್ಮ್ ಬದಲಿಸುವ ಬಟ್ಟೆಯ ಚೀಲ) ಇದಕ್ಕೂ ಸಾಕಾದೀತೇ, ಇಲ್ಲವೇ ಅದೇ ಕೆಲಸಕ್ಕೆ ಕಡ್ಡಿಗಳ ಮೇಲೆ ನಿಲ್ಲುವ ಚೇಂಜಿಂಗ್ ಟೆಂಟನ್ನೇ ಕೊಳ್ಳಬೇಕೇ? ಹೊರದೇಶದಿಂದ ತರಿಸಿದರೆ ಸುಂಕವೂ ಸೇರಿ ದುಬಾರಿಯಾಗುವುದರಿಂದ, ಅಳತೆ, ಬಟ್ಟೆ, ತೋಳುಗಳ ವಿಷಯದಲ್ಲಿ ಏನನ್ನು ಗಮನಿಸಬೇಕೆಂದು ಬಲ್ಲವರು ತಿಳಿಸಬೇಕು.

ಉತ್ತರ (ಮಾಟುಂಗಾ):

ಬ್ಯಾಗ್ ಸಾಲದು. ರೋಲ್ ಫಿಲ್ಮನ್ನು ರೀಲಿಗೆ ಸುತ್ತುವಾಗ ಬಟ್ಟೆ ಕೈಗೆ ತಗುಲಿದರೂ ನಡೆಯುತ್ತದೆ, ಆದರೆ ಶೀಟ್ ಫಿಲ್ಮಿನ ಅಗಲವಾದ ಮೈಮೇಲೆ ಅದೇ ಬಟ್ಟೆ ಜೋತುಬಿದ್ದು ಉಜ್ಜುತ್ತಿದ್ದರೆ ಅದರಲ್ಲಿನ ಧೂಳೆಲ್ಲ ಎಮಲ್ಷನ್ನಿಗೆ (ಬೆಳಕನ್ನು ಗ್ರಹಿಸುವ ಲೇಪಕ್ಕೆ) ಹತ್ತುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಫಿಲ್ಮಿನ ಮೇಲಿದ್ದ ಧೂಳು ಬೆಳಕನ್ನು ತಡೆದು ನೆಗೆಟಿವ್‌ನಲ್ಲಿ ಪಾರದರ್ಶಕ ಚುಕ್ಕಿಯಾಗಿ, ಪ್ರಿಂಟಿನಲ್ಲಿ ಕಪ್ಪು ಚುಕ್ಕಿಯಾಗಿ ಮೂಡುತ್ತದೆ. ಬಿಳಿ ಚುಕ್ಕಿಯನ್ನು ಕುಂಚದಿಂದ ಬಣ್ಣ ತುಂಬಿ ಮುಚ್ಚಬಹುದು. ಆಕಾಶದ ನಡುವೆ ಬಿದ್ದ ಕಪ್ಪು ಚುಕ್ಕಿಯನ್ನು ತೆಗೆಯುವುದು ಬಲು ಕಷ್ಟ. ಟೆಂಟಿಗೆ ಹಣ ಕೊಡುವುದು ಮುಖ್ಯವಾಗಿ ಅದರೊಳಗಿನ ಕಡ್ಡಿಗಳಿಗೆ, ಏಕೆಂದರೆ ಬಟ್ಟೆಯನ್ನು ಫಿಲ್ಮಿನಿಂದ ದೂರ ಎತ್ತಿ ಹಿಡಿಯುವುದು ಅವೇ. ತೀರ ಅನಿವಾರ್ಯವಾದರೆ ದೊಡ್ಡ ಬ್ಯಾಗಿನೊಳಗೆ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಅಡ್ಡಲಾಗಿಟ್ಟು ಅದರ ಒಳಗೆ ಕೆಲಸ ಮಾಡಬಹುದು, ಆದರೆ ಬುಟ್ಟಿಯನ್ನು ಗಡದ ಮೇಲಕ್ಕೆ ಹೊತ್ತೊಯ್ಯುವವರು ಯಾರು?

ಅಳತೆಯ ವಿಷಯದಲ್ಲಿ ಅಂಗಡಿಯ ವಿವರಣೆಗಿಂತ ನಿಮ್ಮ ಊಟದ ಮೇಜನ್ನು ನಂಬಿ. ದಿನಪತ್ರಿಕೆ ಹಾಸಿ ಹೋಲ್ಡರ್‌ಗಳನ್ನೂ ಫಿಲ್ಮ್ ಡಬ್ಬಿಯನ್ನೂ ಅದರ ಮೇಲಿಡಿ. ಒಂದರೊಳಗೊಂದು ಕೂರುವ ಡಬ್ಬಿಯ ಮೂರು ಭಾಗಗಳು ಬಿಚ್ಚಿದಾಗ ಮೂರು ಕಡೆ ಜಾಗ ಹಿಡಿಯುತ್ತವೆ ಎಂಬುದನ್ನೂ, ತೆಗೆದ ಶೀಟುಗಳಿಗೆ ಇನ್ನೊಂದು ಖಾಲಿ ಡಬ್ಬಿ ಬೇಕು ಎಂಬುದನ್ನೂ ಬಹುಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲು ಹೋಲ್ಡರ್‌ಗಳನ್ನೆಲ್ಲ ಖಾಲಿ ಮಾಡಿ ಆ ಡಬ್ಬಿಯನ್ನು ಭದ್ರವಾಗಿ ಮುಚ್ಚಿ, ಆಮೇಲಷ್ಟೇ ಹೊಸ ಡಬ್ಬಿಯನ್ನು ತೆರೆಯುವ ಕ್ರಮವಿಟ್ಟುಕೊಂಡರೆ ಚಿಕ್ಕ ಟೆಂಟಿನಲ್ಲೂ ಕೆಲಸ ಸಾಗುತ್ತದೆ, ಶೀಟುಗಳು ಕಲಸಿಹೋಗುವ ಭಯವೂ ಇರುವುದಿಲ್ಲ. ಹ್ಯಾರಿಸನ್ ಕಂಪನಿಯ ಟೆಂಟುಗಳಲ್ಲಿ ಪಪ್ ಎಂಬ ಅತಿ ಚಿಕ್ಕದು 4×5ಕ್ಕೆ ಸಾಕು. ಮುಂದೆಂದೋ 8×10 ಕ್ಯಾಮೆರಾ ಕೊಂಡೇನು ಎಂಬ ಆಸೆಯಿಂದ ದೊಡ್ಡದನ್ನು ಆರಿಸಬೇಡಿ.

ಟೆಂಟಿನ ಎತ್ತರವನ್ನೂ ನೋಡಿ, ಏಕೆಂದರೆ ಶೀಟ್ ತುಂಬುವಾಗ ಕೈಯಾಡಿಸಲು ಜಾಗ ಬೇಕು. ಶೀಟನ್ನು ಉದ್ದವಾಗಿ ನಿಲ್ಲಿಸಿ, ಕತ್ತಲಲ್ಲಿ ಬೆರಳಿಗೆ ಸಿಗುವ ಕಚ್ಚು ಇರುವ ಮೂಲೆ ಮೇಲ್ಗಡೆ ಬಲಕ್ಕೆ ಬರುವಂತೆ ಹಿಡಿದರೆ ಎಮಲ್ಷನ್ ನಿಮ್ಮ ಕಡೆಗಿರುತ್ತದೆ. ಶೀಟನ್ನು ಹೋಲ್ಡರಿನ ಎರಡೂ ಅಂಚಿನ ಹಳಿಗಳ ಕೆಳಗೆ ಜಾರಿಸಿದ ಮೇಲೆ, ಉಗುರಿನಿಂದ ಅಂಚನ್ನು ಮೆಲ್ಲಗೆ ಎತ್ತಿ ನೋಡಿ, ಅದು ಎರಡೂ ಕಡೆ ಹಳಿಯ ಕೆಳಗೇ ಕೂತಿದೆಯೆಂದು ಖಚಿತವಾದ ನಂತರವೇ ಹೋಲ್ಡರಿನ ತುದಿಯ ಮಡಿಕೆಯನ್ನು ಮುಚ್ಚಿ ಡಾರ್ಕ್ ಸ್ಲೈಡ್ (ಶೀಟಿಗೆ ಬೆಳಕು ತಾಗದಂತೆ ಮುಚ್ಚುವ ಜಾರುಫಲಕ) ದೂಡಬೇಕು. ಮಣಿಕಟ್ಟಿಗೆ ಬಟ್ಟೆ ತಾಗುತ್ತಿದ್ದರೆ ಈ ಪರೀಕ್ಷೆಗೆ ತಾಳ್ಮೆ ಉಳಿಯುವುದಿಲ್ಲ.

ಉತ್ತರ (ಪುಣೆ, ಕೋಥ್ರೂಡ್):

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಟೆಂಟಿನ ಬದಲು ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಗ್ರಾಫ್‌ಮ್ಯಾಟಿಕ್ ಹೋಲ್ಡರ್ ದೊರೆತರೆ ಯೋಚಿಸಿ: ಒಂದರಲ್ಲೇ 6 ಶೀಟ್ ಹಿಡಿಯುತ್ತವೆ. ಶೀಟನ್ನು ಮೊದಲೇ ಲಕೋಟೆಯಲ್ಲಿ ಹಾಕಿ ಮಾರುತ್ತಿದ್ದ ಫ್ಯೂಜಿಯ ಕ್ವಿಕ್‌ಲೋಡ್, ಕೊಡಾಕ್‌ನ ರೆಡಿಲೋಡ್ ಇದ್ದಾಗ ಪ್ರವಾಸದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಎರಡೂ ನಿಂತುಹೋಗಿವೆ. ಗಡದ ಮೇಲೆ ರಾತ್ರಿ ಕಂಬಳಿ ಹೊದ್ದು ಫಿಲ್ಮ್ ಬದಲಿಸಬಹುದೆಂದು ಯಾರಾದರೂ ಹೇಳಿದರೆ ಕೇಳಬೇಡಿ, ಏಕೆಂದರೆ ವಾರಾಂತ್ಯದಲ್ಲಿ ಅಲ್ಲಿ ಹೆಡ್‌ಲ್ಯಾಂಪ್ ಕಟ್ಟಿಕೊಂಡ ಚಾರಣಿಗರ ಜಾತ್ರೆಯೇ ನೆರೆದಿರುತ್ತದೆ. ಚಳಿಗಾಲದ ಒಣಹವೆಯಲ್ಲಿ ಹೋಗುವುದಾದರೆ ಡಾರ್ಕ್ ಸ್ಲೈಡನ್ನು ರಭಸದಿಂದ ಎಳೆಯಬಾರದು. ಸ್ಥಿರವಿದ್ಯುತ್ತು ಧೂಳನ್ನು ಸೆಳೆದು ಫಿಲ್ಮಿಗೆ ಅಂಟಿಸುತ್ತದೆ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು. ನಾನು ಹೋಗುವುದು ಅಕ್ಟೋಬರಿನಲ್ಲಿ. ಆ ಸೆಕೆಯಲ್ಲಿ ಮುಚ್ಚಿದ ಟೆಂಟಿನೊಳಗೆ ಕೈ ಬೆವರುವುದಕ್ಕೆ ಏನು ಮಾಡಬೇಕು?

ಉತ್ತರ (ಮಡಗಾಂವ್):

ನಮ್ಮ ಕರಾವಳಿಯಲ್ಲಿ ಟೆಂಟನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಗಾಳಿಯಾಡದ ಗೂಡಿನೊಳಗೆ ಎರಡು ಮುಂಗೈಗಳಿದ್ದರೆ ಸ್ವಲ್ಪ ಹೊತ್ತಿನಲ್ಲೇ ಒಳಗಿನ ತೇವ ಏರುತ್ತದೆ. ಎಮಲ್ಷನ್ನಿನ ಜೆಲಾಟಿನ್ ತೇವವನ್ನು ಹೀರಿ ಮೆತ್ತಗಾದಾಗ ಬೆರಳಚ್ಚು ಬಿದ್ದರೆ ಅದು ಹೋಗುವುದಿಲ್ಲ. ಆದುದರಿಂದ ಹೊರಮೈ ಬೆಳ್ಳಿ ಬಣ್ಣದ್ದಾಗಿ ಬಿಸಿಲನ್ನು ಹಿಂದಿರುಗಿಸುವ ಟೆಂಟನ್ನು ಆರಿಸಿ, ಆದಾಗ್ಯೂ ಅದನ್ನು ನೆರಳಿನಲ್ಲೇ ಬಳಸಿ. ತೆಳುವಾದ ಹತ್ತಿಯ ಕೈಗವಸು ತೊಟ್ಟು, ಒಂದೆರಡು ಹೋಲ್ಡರ್ ಮುಗಿಯುತ್ತಲೇ ಡಬ್ಬಿಯನ್ನು ಮುಚ್ಚಿ ಕೈಗಳನ್ನು ಹೊರತೆಗೆದು ಒಣಗಿಸಿಕೊಳ್ಳಿ. ಡಬ್ಬಿ ತೆರೆದಿರುವಾಗ ಮಾತ್ರ ಕೈ ತೆಗೆಯಲೇಬಾರದು, ತೋಳಿನ ಇಲಾಸ್ಟಿಕ್ ಎಷ್ಟೇ ಬಿಗಿಯಿದ್ದರೂ ಖಾಲಿ ತೋಳು ಬೆಳಕಿಗೆ ದಾರಿಯೇ ಸರಿ. ಮಣಿಕಟ್ಟು ತಿರುಗಿಸಿದೊಡನೆ ಬೆಳಗುವ ಫಿಟ್‌ನೆಸ್ ಬ್ಯಾಂಡನ್ನು ಕಳಚಿಟ್ಟೇ ಕೈ ಹಾಕಿ.

ಜಿಪ್ ಎರಡು ಪದರದ್ದಾಗಿರಬೇಕು. ಬೆಳಕು ಸೋರುವುದು ಹೆಚ್ಚಾಗಿ ಜಿಪ್ಪಿನ ತುದಿಗಳಲ್ಲಿ ಮತ್ತು ತೋಳಿನ ಹೊಲಿಗೆಯಲ್ಲಿ. ಕೊಂಡ ಕೂಡಲೇ, ISO 400 ವೇಗದ (ಬೆಳಕಿಗೆ ಬೇಗ ಸ್ಪಂದಿಸುವ) ಒಂದು ಶೀಟನ್ನು ಟೆಂಟಿನೊಳಗೆ ಬಿಚ್ಚಿಟ್ಟು, ಅದರ ಮೇಲೊಂದು ನಾಣ್ಯವಿಟ್ಟು, ತೋಳುಗಳಲ್ಲಿ ಕೈಯಿಟ್ಟುಕೊಂಡೇ ಕಿಟಕಿಯ ಬಳಿ ಕಾಲು ಗಂಟೆ ಕೂತು, ನಂತರ ಆ ಶೀಟನ್ನು ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ಬೆಳಕು ಸೋರಿದೆಯೆಂದು ಅರ್ಥ, ಟೆಂಟನ್ನು ಹಿಂದಿರುಗಿಸಿ. ಫಿಲ್ಮಿನ ಬದಲು ಪ್ರಿಂಟಿಂಗ್ ಕಾಗದದಿಂದ ಪರೀಕ್ಷಿಸುವುದು ಅಗ್ಗವಾದರೂ ನಂಬತಕ್ಕದ್ದಲ್ಲ: ಸಾಮಾನ್ಯ ಕಪ್ಪು-ಬಿಳುಪು ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ವೇಗವೂ ಬಹಳ ಕಡಿಮೆ.

ಫ್ರಿಜ್ಜಿನಿಂದ ತೆಗೆದ ಫಿಲ್ಮ್ ಕೋಣೆಯ ಉಷ್ಣತೆಗೆ ಬರುವ ಮೊದಲು ಅದರ ಪೊಟ್ಟಣವನ್ನು ಒಡೆಯಬೇಡಿ. ಬೆವರಿಗೆ ತೇವಗೊಂಡ ಟೆಂಟನ್ನು ಮಡಚುವ ಮುನ್ನ ಒಳಮೈ ಹೊರಗೆ ಮಾಡಿ ಒಣಗಿಸಿ, ಇಲ್ಲವಾದರೆ ಮುಂದಿನ ಸಲ ತೆರೆಯುವಾಗ ಬೂಷ್ಟು ಹಿಡಿದಿರುತ್ತದೆ.