ಚೀನಾದಿಂದ ಡೊಮೇನ್ ಬಗ್ಗೆ ಮೇಲ್ ಬಂದಿದೆ, ನಿಜಾನಾ? ಗೊತ್ತಿದ್ದವ್ರು ಹೇಳಿ

ಹಾಳೆತಟ್ಟೆ_ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನಾವು ಅಡಿಕೆ ಹಾಳೆ ತಟ್ಟೆ, ಬಟ್ಟಲು ಮಾಡಿ ಮಾರ್ತೀವಿ, ಸ್ವಲ್ಪ ಮಾಲು ಹೊರದೇಶಕ್ಕೂ ಹೋಗುತ್ತೆ, ಅದಕ್ಕೇ ಒಂದು ಡಾಟ್ ಕಾಮ್ ವೆಬ್‌ಸೈಟ್ ಇಟ್ಕೊಂಡಿದೀವಿ. ನಿನ್ನೆ ಶಾಂಘೈನಿಂದ ಅಂತ ಒಂದು ಮೇಲ್ ಬಂತು. ಅವ್ರು ಚೀನಾದ ಡೊಮೇನ್ (ಅಂದ್ರೆ ವೆಬ್‌ಸೈಟ್ ಹೆಸರು) ರಿಜಿಸ್ಟ್ರೇಷನ್ ಸೆಂಟರ್ ಅಂತೆ, ಅಲ್ಲಿನ ಯಾವುದೋ ಹೋಲ್ಡಿಂಗ್ಸ್ ಕಂಪನಿ ನಮ್ಮ ಬ್ರ್ಯಾಂಡ್ ಹೆಸರಲ್ಲೇ ಡಾಟ್ ಸಿಎನ್, ಡಾಟ್ ಕಾಮ್ ಡಾಟ್ ಸಿಎನ್, ಡಾಟ್ ಏಷ್ಯಾ ಎಲ್ಲಾ ಬೇಕು ಅಂತ ಅರ್ಜಿ ಹಾಕಿದೆಯಂತೆ, ಆ ಕಂಪನಿ ನಿಮ್ಮ ಡಿಸ್ಟ್ರಿಬ್ಯೂಟರಾ, ನೀವು ಒಪ್ಪಿಗೆ ಕೊಟ್ಟಿದ್ದೀರಾ, ಬೇಗ ಹೇಳಿ, ಇಲ್ಲಾಂದ್ರೆ ಅವ್ರಿಗೇ ಕೊಟ್ಬಿಡ್ತೀವಿ ಅಂತ ಬರೆದಿದಾರೆ. ಎಲ್ಲಕ್ಕಿಂತ ಮೇಲೆ "ಇದನ್ನ ನಿಮ್ಮ ಸಿಇಒಗೆ ಫಾರ್ವರ್ಡ್ ಮಾಡಿ, ಅರ್ಜೆಂಟ್" ಅಂತ ಬೇರೆ. ದುಡ್ಡಿನ ಮಾತೇ ಎತ್ತಿಲ್ಲ, ಅದಕ್ಕೇ ನಿಜ ಇರಬಹುದೇನೋ ಅನ್ನಿಸ್ತಿದೆ. ಅಪ್ಪಂಗೆ ತುಂಬಾ ಯೋಚನೆ ಆಗಿದೆ, ಹೆಸರು ಹೋದ್ರೆ ಗತಿಯೇನು, ಕೇಳಿದಷ್ಟು ಕೊಟ್ಟು ನಾವೇ ತಗೊಂಬಿಡೋಣ ಅಂತಿದಾರೆ. ಏನ್ ಮಾಡ್ಲಿ?

ಸರ್ವರ್‌ರೂಮ್_ಬೆಂಗಳೂರು:

ಕೊಡ್ಬೇಡಿ. ಅಪ್ಪಂಗೆ ಧೈರ್ಯ ಹೇಳಿ, ನಿಮ್ಮ ಹೆಸರು ಎಲ್ಲೂ ಹೋಗಿಲ್ಲ. ನಾನು ಹೋಸ್ಟಿಂಗ್ ಸಪೋರ್ಟ್ ಕೆಲಸದಲ್ಲಿರೋದು, ಈ ಮೇಲ್ ಹಿಡ್ಕೊಂಡು ಗಾಬರಿಯಲ್ಲಿ ಬರೋ ಕಸ್ಟಮರ್‌ಗಳು ನಮಗೆ ಮಾಮೂಲಿ. ಊರು, ಕಂಪನಿ ಹೆಸರು ಬದಲಾಗುತ್ತೆ, ಒಕ್ಕಣೆ ಅದೇ.

ಒಂದು ವಿಷಯ ಅರ್ಥ ಆದ್ರೆ ಸಾಕು. ಡೊಮೇನ್ ಮಾರೋ ರಿಜಿಸ್ಟ್ರಾರ್ ಯಾರೂ "ಇನ್ನೊಬ್ಬರು ನಿಮ್ಮ ಹೆಸರು ಕೇಳ್ತಿದಾರೆ, ಕೊಡ್ಲಾ?" ಅಂತ ಯಾರನ್ನೂ ಕೇಳಲ್ಲ. ಇದು ಮೊದಲು ಬಂದವ್ರಿಗೆ ಮೊದಲು ಅನ್ನೋ ಲೆಕ್ಕ, ಹೆಸರು ಖಾಲಿ ಇದ್ರೆ ದುಡ್ಡು ಕಟ್ಟಿದವ್ರಿಗೆ ಹೋಗುತ್ತೆ ಅಷ್ಟೇ. ನಿಜವಾಗ್ಲೂ ಒಬ್ಬ ನಿಮ್ಮ ಡಾಟ್ ಸಿಎನ್ ಹೊಡ್ಕೊಳ್ಳೋಕೆ ಬಂದಿದ್ರೆ ಇಷ್ಟೊತ್ತಿಗೆ ಅವನ ಹೆಸರಿಗೆ ಆಗಿರ್ತಿತ್ತು, ನಿಮಗೆ ಮೇಲ್ ಬರ್ತಾನೇ ಇರ್ಲಿಲ್ಲ. ಇನ್ನೊಂದು, ಡಾಟ್ ಸಿಎನ್ ನೋಡ್ಕೊಳ್ಳೋ ಅಸಲಿ ಸಂಸ್ಥೆ ಸಿಎನ್‌ಎನ್‌ಐಸಿ, ಅದು ಇರೋದು ಬೀಜಿಂಗ್‌ನಲ್ಲಿ. ತೀರ್ಥಹಳ್ಳಿಯ ತಟ್ಟೆ ಅಂಗಡಿಗೆ ಮೇಲ್ ಮಾಡಿ ಒಪ್ಪಿಗೆ ಕೇಳೋದು ಅದರ ಕೆಲಸ ಅಲ್ಲ.

ದುಡ್ಡು ಕೇಳಿಲ್ಲ ಅಂದ್ರಲ್ಲ, ಇಲ್ಲೇ ಜನ ಸಿಕ್ಕಿಬೀಳೋದು. ಮೊದಲ ಮೇಲ್ ಬರೀ ಗಾಳ, ಅದ್ರಲ್ಲಿ ಯಾವತ್ತೂ ಕೇಳಲ್ಲ. ನೀವು "ಅಯ್ಯೋ ಅವ್ರು ನಮ್ಮವ್ರಲ್ಲ, ಕೊಡ್ಬೇಡಿ" ಅಂತ ಬರೆದ ಮೇಲೆ "ಸರಿ, ಹೆಸರು ಉಳಿಸ್ಕೊಬೇಕು ಅಂದ್ರೆ ನೀವೇ ಮೊದಲು ರಿಜಿಸ್ಟರ್ ಮಾಡಿ" ಅಂತ ಒಂದು ಫಾರ್ಮ್ ಬರುತ್ತೆ, ಐದು ವರ್ಷಕ್ಕೆ ಹತ್ತು ವರ್ಷಕ್ಕೆ ಅಂತ ಬೇರೆ ಕಡೆಗಿಂತ ಎಷ್ಟೋ ಪಟ್ಟು ಜಾಸ್ತಿ ರೇಟು.

ಹಾಳೆತಟ್ಟೆ_ತೀರ್ಥಹಳ್ಳಿ:

ತುಂಬಾ ಥ್ಯಾಂಕ್ಸ್ ಸರ್, ಅಪ್ಪಂಗೆ ಓದಿ ಹೇಳಿದೆ. "ನಮಗೆ ಬೇಡ" ಅಂತ ಒಂದೇ ಲೈನ್ ರಿಪ್ಲೈ ಹಾಕ್ಬಿಡ್ಲಾ, ಮುಗಿದು ಹೋಗ್ಲಿ ಅಂತ?

ಧಾರವಾಡ_ಪೇಢಾ:

ರಿಪ್ಲೈ ಮಾಡಬ್ಯಾಡ್ರಿ ಅಣ್ಣಾರ. ನಮ್ಮ ಮಾವಾರು ಹಂಗೇ ಬ್ಯಾಡ ಅಂತ ಬರದಿದ್ರು, ಮುಂದ ಆ "ಅರ್ಜಿ ಹಾಕಿದ ಕಂಪನಿ"ಯಿಂದನೇ ಒಂದ್ ಮೇಲ್ ಬಂತು, ನಾವು ಈ ಹೆಸರು ತಗೊಳ್ಳಾವ್ರೇ, ಬಿಡಂಗಿಲ್ಲ ಅಂತ. ಎರಡೂ ಮೇಲ್ ಒಬ್ಬನೇ ಬರಿಯೋದು, ಹೆದರಿಸ್ಲಿಕ್ಕೆ. ಉತ್ತರ ಕೊಟ್ರ ಈ ಅಡ್ರೆಸ್ಸಿನಾಗ ಮನಷಾ ಅದಾನ ಅಂತ ಅವ್ರಿಗೆ ಖಾತ್ರಿ ಆಗ್ತದ. ಸ್ಪ್ಯಾಮ್ ಅಂತ ಒತ್ತಿ ಬಿಡ್ರಿ. ನಾ ಅಂತೂ ಡೊಮೇನ್ ಅಂತ ಸಬ್ಜೆಕ್ಟ್ ಇದ್ದದ್ದು ಯಾವ್ದ ಬರ್ಲಿ, ತಗದೂ ನೋಡಂಗಿಲ್ಲ, ಡಿಲೀಟ್.

ಸರ್ವರ್‌ರೂಮ್_ಬೆಂಗಳೂರು:

ರಿಪ್ಲೈ ಬೇಡ ಅನ್ನೋದು ನೂರಕ್ಕೆ ನೂರು ಸರಿ. ಆದ್ರೆ ಎಲ್ಲಾ ಡಿಲೀಟ್ ಮಾಡೋದು ಮಾತ್ರ ದಯವಿಟ್ಟು ಬೇಡ, ಇದು ಅಪಾಯ. ಅಸಲಿ ಮೇಲ್‌ಗಳೂ ಬರ್ತವೆ. ಹೊಸದಾಗಿ ಡಾಟ್ ಕಾಮ್ ತಗೊಂಡಾಗ ಅಥವಾ ಮಾಲೀಕರ ವಿವರ ಬದಲಾಯಿಸಿದಾಗ "ನಿಮ್ಮ ಇಮೇಲ್ ಕನ್ಫರ್ಮ್ ಮಾಡಿ" ಅಂತ ರಿಜಿಸ್ಟ್ರಾರ್ ಕಳಿಸ್ತಾರೆ, 15 ದಿನದಲ್ಲಿ ಮಾಡದಿದ್ರೆ ಡೊಮೇನ್ ಸಸ್ಪೆಂಡ್ ಆಗಬಹುದು, ಸೈಟೂ ನಿಲ್ಲುತ್ತೆ, ಆ ಡೊಮೇನ್‌ನ ಇಮೇಲೂ ನಿಲ್ಲುತ್ತೆ. ಅವಧಿ ಮುಗಿಯೋಕೆ ಸುಮಾರು ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಇನ್ನೊಂದು ರಿಮೈಂಡರ್ ಕಳಿಸ್ಲೇಬೇಕು ಅಂತ ಐಕ್ಯಾನ್ (ಪ್ರಪಂಚದ ಡೊಮೇನ್ ವ್ಯವಸ್ಥೆ ನೋಡ್ಕೊಳ್ಳೋ ಸಂಸ್ಥೆ) ನಿಯಮಾನೇ ಇದೆ.

ಯಾವ ಮೇಲ್ ಬಂದ್ರೂ ಅದರೊಳಗಿನ ಲಿಂಕ್ ಒತ್ತಬೇಡಿ, ರಿಜಿಸ್ಟ್ರಾರ್ ಸೈಟ್ ಅಡ್ರೆಸ್ ನೀವೇ ಟೈಪ್ ಮಾಡಿ ಲಾಗಿನ್ ಆಗಿ. ಅಸಲಿ ಆಗಿದ್ರೆ ಅಲ್ಲೂ ಅದೇ ನೋಟಿಸ್ ಕಾಣುತ್ತೆ, ಕನ್ಫರ್ಮೇಷನ್ ಮೇಲ್ ಆದ್ರೆ ಅಲ್ಲಿಂದಾನೇ ಇನ್ನೊಂದು ಸಲ ಕಳಿಸ್ಕೊಂಡು, ನೀವೇ ತರಿಸ್ಕೊಂಡ ಆ ಮೇಲ್‌ನ ಲಿಂಕ್ ಮಾತ್ರ ಒತ್ತಬಹುದು.

ಉಡುಪಿ_ವೆಬ್:

ಇದಕ್ಕೆ ಒಂದು ಸೇರಿಸ್ತೇನೆ. ಚೀನಾ ಮೇಲ್‌ಗಿಂತ ಜಾಸ್ತಿ ಮೋಸ ಹೋಗುವುದು ರಿನ್ಯೂವಲ್ ಹೆಸರಿನದ್ದರಲ್ಲಿ. ದಪ್ಪ ಅಕ್ಷರದಲ್ಲಿ ಎಕ್ಸ್‌ಪೈರೇಷನ್ ನೋಟಿಸ್, ನಿಮ್ಮ ಡೊಮೇನ್ ಹೆಸರು, ಕೊನೆ ದಿನ, ಪೇ ಬಟನ್, ನೋಡುವುದಕ್ಕೆ ಥೇಟ್ ಬಿಲ್ಲು. ಕೆಳಗೆ ಸಣ್ಣ ಅಕ್ಷರ ಓದಿದರೆ ಅದು ಸರ್ಚ್ ಇಂಜಿನ್ ಸಬ್‌ಮಿಷನ್ (ಗೂಗಲ್ ತರದ ಕಡೆ ಸೈಟ್ ಸೇರಿಸುವುದು) ಅಂತ ಯಾವುದೋ ಸರ್ವಿಸ್‌ನ ಆಫರ್, ಡೊಮೇನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆಫೀಸಿನಲ್ಲಿ ಅಕೌಂಟ್ಸ್ ನೋಡುವವರು ಬಿಲ್ಲು ಅಂತ ಕಟ್ಟಿಯೇ ಬಿಡ್ತಾರೆ.

ಇದಕ್ಕಿಂತ ಹಳೆಯದು ಅಂಚೆಯಲ್ಲಿ ಬರುತ್ತಿದ್ದ ಕಾಗದ. ಡೊಮೇನ್ ರಿಜಿಸ್ಟ್ರಿ ಆಫ್ ಅಮೆರಿಕ ಅಂತ ಸರ್ಕಾರಿ ಇಲಾಖೆ ತರ ಹೆಸರಿಟ್ಟುಕೊಂಡು ರಿನ್ಯೂವಲ್ ನೋಟಿಸ್ ಕಳಿಸುತ್ತಿದ್ದರು, ದುಡ್ಡು ಕಟ್ಟಿದವರ ಡೊಮೇನ್ ಅವರಿಗೇ ಗೊತ್ತಿಲ್ಲದ ಹಾಗೆ ಆ ಕಂಪನಿಗೆ ಟ್ರಾನ್ಸ್‌ಫರ್ ಆಗುತ್ತಿತ್ತು. 2003ರಲ್ಲೇ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಅವರ ಮೇಲೆ ಕೇಸ್ ಹಾಕಿತು, ಆದರೂ ನಿಲ್ಲಲಿಲ್ಲ, 2014ರಲ್ಲಿ ಐಕ್ಯಾನ್ ಅದರ ಹಿಂದಿದ್ದ ರಿಜಿಸ್ಟ್ರಾರ್‌ನ ಮಾನ್ಯತೆಯನ್ನೇ ಸ್ವಲ್ಪ ಕಾಲ ಅಮಾನತು ಮಾಡಿತು. ಅಷ್ಟು ವರ್ಷ ನಡೆಯಿತು ಅಂದರೆ ಎಷ್ಟು ಜನ ನಂಬಿದ್ದಾರೆ ಲೆಕ್ಕ ಹಾಕಿ. ಹಾಗಾಗಿ ನಿಮ್ಮ ರಿಜಿಸ್ಟ್ರಾರ್ ಯಾರು, ಕೊನೆ ದಿನ ಯಾವುದು ಎರಡೂ ಒಂದು ಕಡೆ ಬರೆದಿಡಿ. ಗೊತ್ತಿಲ್ಲದಿದ್ದರೆ ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್‌ನಲ್ಲಿ ಡೊಮೇನ್ ಹಾಕಿ, ಎರಡೂ ಪುಕ್ಕಟೆ ಸಿಗುತ್ತದೆ.

ಹಾಳೆತಟ್ಟೆ_ತೀರ್ಥಹಳ್ಳಿ:

ಈಗ್ಲೇ ನೋಡಿದೆ, ಕೊನೆ ದಿನಕ್ಕೆ ಇನ್ನೂ ಟೈಮಿದೆ. ಆದ್ರೆ ಆ ರಿಜಿಸ್ಟ್ರಾರ್ ಸೈಟ್‌ನಲ್ಲಿ ನಮ್ಮದು ಅಕೌಂಟೇ ಇಲ್ವಲ್ಲ! ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೇ ಡೊಮೇನೂ ತಗೊಂಡಿದ್ದ, ಈಗ ಅವನು ಬೇರೆ ಊರಲ್ಲಿ ಕೆಲಸದಲ್ಲಿದಾನೆ.

ಸರ್ವರ್‌ರೂಮ್_ಬೆಂಗಳೂರು:

ಹಾಗಾದ್ರೆ ಚೀನಾ ಮೇಲ್ ಮರೆತುಬಿಡಿ, ನಿಮ್ಮ ಅಸಲಿ ಕೆಲಸ ಇದು. ಡೊಮೇನ್ ಅವನ ಇಮೇಲ್‌ನಲ್ಲಿದ್ರೆ ಅಸಲಿ ರಿಮೈಂಡರ್ ಅವನಿಗೆ ಹೋಗುತ್ತೆ, ಸೈಟ್‌ನಲ್ಲಿ ಹಾಕಿರೋ ನಿಮ್ಮ ಅಡ್ರೆಸ್‌ಗೆ ನಕಲಿ ಮಾತ್ರ ಬರುತ್ತೆ. ಹುಡುಗನಿಗೆ ಫೋನ್ ಮಾಡಿ, ಜಗಳ ಬೇಡ, ಪ್ರೀತಿಯಿಂದಾನೇ ಕೇಳಿ. ನೀವು ಅದೇ ರಿಜಿಸ್ಟ್ರಾರ್ ಹತ್ರ ಒಂದು ಅಕೌಂಟ್ ತೆರೆದ್ರೆ ಸಾಮಾನ್ಯವಾಗಿ ಅವನು ಅಲ್ಲಿಂದಾನೇ ಡೊಮೇನನ್ನ ನಿಮ್ಮ ಅಕೌಂಟ್‌ಗೆ ತಳ್ಳಬಹುದು, ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವಾಗ ಕೇಳೋ ಕೋಡ್ ಗೀಡ್ ಅದಕ್ಕೆ ಬೇಕಾಗಲ್ಲ. ಮಾಲೀಕರ ಹೆಸರು ನಿಮ್ಮ ಫರ್ಮ್‌ದು, ಇಮೇಲ್ ಮಾತ್ರ ಅದೇ ಡೊಮೇನ್‌ದು ಕೊಡ್ಬೇಡಿ, ಡೊಮೇನ್ ನಿಂತ್ರೆ ಅದೂ ನಿಲ್ಲುತ್ತೆ. ಮಾಲೀಕರ ಹೆಸರು ಬದಲಾದ ಮೇಲೆ ಕೆಲವು ಕಡೆ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯೋಕೆ ಬಿಡಲ್ಲ, ಗಾಬರಿ ಆಗಬೇಡಿ. ಆಮೇಲೆ ಅದೇ 15 ದಿನದ ಕನ್ಫರ್ಮೇಷನ್ ಮೇಲ್ ನಿಮಗೇ ಬರುತ್ತೆ, ಅದನ್ನ ಮಾತ್ರ ಡಿಲೀಟ್ ಮಾಡ್ಬೇಡಿ.

ಹಾಳೆತಟ್ಟೆ_ತೀರ್ಥಹಳ್ಳಿ:

ಹುಡುಗಂಗೆ ಫೋನ್ ಮಾಡಿದೆ ಸರ್, ಭಾನುವಾರ ಕೂತು ಮಾಡಿಕೊಡ್ತೀನಿ ಅಂದ.