ಬರಹ, ಫೋಟೋ, ಅಜ್ಜಿಯ ಹಾಡು: ಒಂದೇ ಲಿಂಕ್‌ನಲ್ಲಿ ಹೇಗೆ ಇಡಲಿ?

ಪ್ರಶ್ನೆ (ಶಿರಸಿ ಹುಡುಗಿ):
ನಾನು ಬಿಎ ಪತ್ರಿಕೋದ್ಯಮ ಕೊನೆಯ ವರ್ಷ. ಇಂಟರ್ನ್‌ಶಿಪ್‌ಗೆ ಕೇಳಿದರೆ ‘ನಿಮ್ಮ ಕೆಲಸದ ಲಿಂಕ್ ಕಳಿಸಿ’ ಅಂತಾರೆ. ನನ್ನ ಹತ್ತಿರ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ 30 ಬರಹಗಳಿವೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಫೋಟೋಗಳಿವೆ. ಅಜ್ಜಿ ಹಾಡಿದ ಮದುವೆ ಹಾಡಿನ 11 ನಿಮಿಷದ ರೆಕಾರ್ಡಿಂಗ್ ಇದೆ. ನಡುವೆ ಅಜ್ಜಿ ಹಾಡು ನಿಲ್ಲಿಸಿ ‘ಸಾಕನೇ ಕೂಸೇ?’ ಅಂತ ಕೇಳ್ತಾರೆ. ಅದನ್ನು ಕತ್ತರಿಸಬೇಕಾ? ಬರಹಗಳನ್ನು ಬ್ಲಾಗಿಗೆ ಹಾಕಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ.

ಉತ್ತರ 1 (ಕಾಲೇಜು ಮೇಷ್ಟ್ರು):
ತಂಗಿ, ಅದು ನುಡಿಯ ಹಳೆಯ ಆಸ್ಕಿ ಫಾಂಟಿನ ತೊಂದರೆ, ಆ ಫಾಂಟ್ ಇಲ್ಲದ ಕಡೆ ಅಕ್ಷರ ಕೆಡುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ತಪ್ಪಿರುತ್ತವೆ, ಒಂದೊಂದು ಸಾಲೂ ಕಣ್ಣಿಟ್ಟು ಓದಿ. 30 ಬರಹ ಜಾಸ್ತಿ ಆಯ್ತು. ಐದು ಸಾಕು. ಪ್ರತಿಯೊಂದರ ಕೆಳಗೆ ಯಾರನ್ನು ಮಾತಾಡಿಸಿದಿರಿ, ಎಷ್ಟು ಸಲ ತಿದ್ದಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ನಾನು ಮಕ್ಕಳ ಕೆಲಸ ನೋಡುವಾಗ ಮೊದಲು ಓದುವುದು ಅದನ್ನೇ. ಅಜ್ಜಿಯ ಮಾತನ್ನು ದಯವಿಟ್ಟು ಕತ್ತರಿಸಬೇಡಿ. ಹಾಡು ಯಾರಿಗಾಗಿ ಹಾಡಿದ್ದು ಅಂತ ಗೊತ್ತಾಗುವುದೇ ಅಲ್ಲಿ.

ಉತ್ತರ 2:
ವೆಬ್ ಪುಟ ಮಾಡಿಕೊಳ್ಳಲು ಗೂಗಲ್ ಸೈಟ್ಸ್ ಸಾಕು, ದುಡ್ಡು ಕೊಡಬೇಕಿಲ್ಲ. ಆಡಿಯೋವನ್ನು ಡ್ರೈವ್‌ನಲ್ಲಿಟ್ಟು ಪುಟಕ್ಕೆ ಸೇರಿಸಬಹುದು. ಆದರೆ ಕಾಲೇಜು ಕೊಟ್ಟ ಐಡಿಯಲ್ಲಿ ಮಾತ್ರ ಮಾಡಬೇಡಿ. ನಾನು ಹಾಗೇ ಮಾಡಿದ್ದೆ. ಪಾಸಾದ ಮೇಲೆ ಐಡಿ ಮುಚ್ಚಿದರು, ಮೂರು ವರ್ಷದ ಕೆಲಸ ಹೋಯ್ತು. ನಿಮ್ಮ ಸ್ವಂತ ಜಿಮೇಲ್‌ನಲ್ಲಿ 15 ಜಿಬಿ ಉಚಿತ. ಫೋಟೋಗಳನ್ನು ವಾಟ್ಸಾಪ್‌ನಿಂದ ತೆಗೆದುಕೊಳ್ಳಬೇಡಿ, ಅದು ಕುಗ್ಗಿಸಿಬಿಡುತ್ತೆ. ಕ್ಯಾಮೆರಾದ ಮೂಲ ಫೈಲೇ ಹಾಕಿ. ಕೊನೆಗೆ ಲಾಗಿನ್ ಇಲ್ಲದ ಇನ್ನೊಂದು ಫೋನಿನಲ್ಲಿ ಲಿಂಕ್ ತೆರೆದು ನೋಡಿ. ‘ಅನುಮತಿ ಬೇಕು’ ಅಂತ ಬಂದರೆ ನೋಡುವವರು ಅಲ್ಲೇ ಬಿಟ್ಟು ಹೋಗ್ತಾರೆ.

ಉತ್ತರ 3:
ಹಾಡನ್ನು ಎಲ್ಲರೂ ಕೇಳುವ ಹಾಗೆ ಹಾಕ್ತೀನಿ ಅಂತ ಅಜ್ಜಿಗೆ ಹೇಳಿದ್ದೀರಾ? ಅಡಿಕೆ ಸುಲಿಯುವವರಿಗೂ ಫೋಟೋ ತೋರಿಸಿ ಕೇಳಿ.

ಶಿರಸಿ ಹುಡುಗಿ:
ಮೇಷ್ಟ್ರೇ, ಎಲ್ಲರಿಗೂ ಥ್ಯಾಂಕ್ಸ್. ಐದು ಬರಹ ಆರಿಸಿದೆ, ಎರಡು ತಿದ್ದಿ ಮುಗಿಯಿತು. ನಿನ್ನೆ ರಾತ್ರಿ ಅಜ್ಜಿಗೆ ಇಯರ್‌ಫೋನ್ ಹಾಕಿ ಕೇಳಿಸಿದೆ. ಹಾಕಬಹುದು ಅಂದರು. ಆದರೆ ಒಂದು ಸಾಲು ಬಿಟ್ಟುಹೋಗಿದೆಯಂತೆ, ಇನ್ನೊಮ್ಮೆ ಹಾಡಿಕೊಡ್ತಾರಂತೆ. ಭಾನುವಾರ ರೆಕಾರ್ಡ್ ಮಾಡ್ತೀನಿ. ಸುಲಿಯುವವರಲ್ಲಿ ಒಬ್ಬರು ಬೇಡ ಅಂದರು, ಅವರ ಫೋಟೋ ಕೈಬಿಟ್ಟೆ.